ಒಂಟಿ ಪಟಾಕಿ

ನನ್ನ ಮಗ ಎಸೆದ ಪಟಾಕಿಯ ಸದ್ದು ಕೇಳಿ ಕೆಂಚಿ ತೋಟದೊಳಗೆ ಹೋದಳು. ಆನೆ ಅಲ್ಲೇ ಇತ್ತು.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಕೊನೆಗೆ ಹೇಳುವ ಮಾತಲ್ಲ. ಜನ ಇದರಲ್ಲಿ ಅರ್ಧ ಮಾತ್ರ ಹೇಳಿಕೊಂಡು ತಿರುಗುತ್ತಿದ್ದಾರೆ. ಉಳಿದ ಅರ್ಧ ಹೇಳುವವರಿಲ್ಲ. ಒಲೆಯ ಮೇಲೆ ಅಕ್ಕಿ ಇಟ್ಟು ಬಂದು ಕೂತಿದ್ದೇನೆ. ಅದು ಕುದಿಯುವವರೆಗೆ ಬರೆಯುತ್ತೇನೆ. ಹತ್ತನೇ ಕ್ಲಾಸಿನ ತನಕ ಓದಿದವಳು ನಾನು. ಬರೆಯಲು ಬರುತ್ತದೆ.

ಕೊಡಗಿನ ಅಮ್ಮತ್ತಿಯಿಂದ ಒಳಗೆ ಹೋದರೆ ನಾಣಯ್ಯನವರ ಎಸ್ಟೇಟು. ನಾನು ಅಲ್ಲಿಯ ಲೈನಿನವಳು. ಲೈನ್ ಅಂದರೆ ಒಂದೇ ಗೋಡೆಗೆ ಅಂಟಿಸಿ ಕಟ್ಟಿದ ಕೂಲಿಯವರ ಮನೆಗಳು. ಈ ಮನೆಯಲ್ಲಿ ಕೆಮ್ಮಿದರೆ ಆಚೆ ಮನೆಯವರು ನೀರು ಕುಡಿಯಿರಿ ಅನ್ನುತ್ತಾರೆ. ನನ್ನ ಅತ್ತೆ ಮಾವ ಅರಕಲಗೂಡು ಕಡೆಯಿಂದ ಶಿರಂಗಾಲಕ್ಕೆ ಬಂದು ಕಂಡವರ ಹೊಲದಲ್ಲಿ ಶುಂಠಿ ಕಿತ್ತವರು. ನನ್ನ ಗಂಡ ಜವರಯ್ಯ ಅಲ್ಲಿಂದ ಕಾಫಿ ಕೊಯ್ಲಿಗೆ ಇಲ್ಲಿಗೆ ಬಂದ. ನೆರಳಿನ ಮರ ಸವರಲು ಹತ್ತಿ, ಬಿದ್ದು ಸತ್ತ. ಆಗ ಲೋಹಿತ್ ಮೂರನೇ ಕ್ಲಾಸು. ಅವನೊಬ್ಬನೇ ನನಗೆ.

ಪಿಕ್ಕಿಂಗ್ ಅಂದರೆ ಏನು ಅಂತ ಕಾಫಿ ಕುಡಿಯುವವರಿಗೆ ಗೊತ್ತಿರುವುದಿಲ್ಲ. ಸೊಂಟಕ್ಕೆ ಚೀಲ ಕಟ್ಟಬೇಕು. ಗಿಡದ ರೆಕ್ಕೆಯನ್ನು, ಅಂದರೆ ಕೊಂಬೆಯನ್ನು, ಬಗ್ಗಿಸಿ ಹಣ್ಣು ಎಳೆಯಬೇಕು. ಕೆಂಜಿಗ ಇರುವೆ ಕುತ್ತಿಗೆಯೊಳಗೆ ಇಳಿಯುತ್ತದೆ. ಉಗುರಿನ ಸಂದಿಯಲ್ಲಿ ಕರಿ ಕೂತು ಎರಡು ತಿಂಗಳು ಹೋಗುವುದಿಲ್ಲ. ತುಂಬಿದ ಮೂಟೆಯನ್ನು ತಲೆಯ ಮೇಲೆ ಹೊತ್ತು ದಿಣ್ಣೆ ಹತ್ತಿ ಕಣಕ್ಕೆ ತಂದರೆ, ತೋಟದ ಲೆಕ್ಕ ಬರೆಯುವ ರೈಟರು ಎಲೆ ಜಾಸ್ತಿ ಇದೆ ಅಂತ ತೂಕದಲ್ಲಿ ಕಳೆಯುತ್ತಾನೆ. ಎದುರು ಮಾತಾಡಿದರೆ ಮರುದಿನ ಹಣ್ಣಿಲ್ಲದ ಸಾಲು ಕೊಡುತ್ತಾನೆ.

ಈಗ ಅದಕ್ಕೆ ಆನೆ ಸೇರಿದೆ. ಮುಂಚೆ ಆನೆ ಕಾಡಿನಿಂದ ಬಂದು ಹೋಗುತ್ತಿತ್ತು. ಈಗ ತೋಟದಲ್ಲೇ ಸಂಸಾರ. ಹಲಸು ಇದೆ, ಕೆರೆ ಇದೆ, ನೆರಳಿದೆ. ಕಾಫಿ ಗಿಡದ ಮಧ್ಯೆ ನಿಂತರೆ ಹತ್ತು ಮಾರು ದೂರದ ಆನೆ ಕಾಣುವುದಿಲ್ಲ. ಆದ್ದರಿಂದ ಕೊಯ್ಲಿನವರು ಒಳಗೆ ಹೋಗುವ ಮುಂಚೆ ಕಾವಲಿನವನು ಅವತ್ತಿನ ಬ್ಲಾಕು, ಅಂದರೆ ತೋಟದ ಆ ಭಾಗ, ಸುತ್ತಬೇಕು. ಆನೆ ಇದ್ದರೆ ಒಂದರ ಹಿಂದೆ ಒಂದು ಪಟಾಕಿ ಸಿಡಿಸಿ ಓಡಿಸುತ್ತಾನೆ. ನಾವು ಗೇಟಿನ ಹೊರಗೆ ನಿಂತಿರುತ್ತೇವೆ. ಎಲ್ಲ ಆಚೆ ದಾಟಿತು ಅಂತ ಖಾತ್ರಿಯಾದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದೇ ಒಂದು ಪಟಾಕಿ. ಆ ಒಂಟಿ ಪಟಾಕಿ ಕೇಳಿದರೆ ದಾರಿ ಬಿಟ್ಟಿದೆ, ಬನ್ನಿ ಅಂತ. ಮೊಬೈಲು ಕೆರೆ ಬ್ಲಾಕಿನಲ್ಲಿ ಹಿಡಿಯುವುದಿಲ್ಲ. ಕೂಗಿದರೆ ದಿಣ್ಣೆ ದಾಟುವುದಿಲ್ಲ. ಹೀಗಾಗಿ ನಮ್ಮ ತೋಟದಲ್ಲಿ ಇದು ಪದ್ಧತಿ. ಯಾರೂ ಬರೆದಿಟ್ಟದ್ದಲ್ಲ. ಎಲ್ಲರಿಗೂ ಗೊತ್ತು.

ಕಾವಲಿಗೆ ಮುಂಚೆ ಇಬ್ಬರಿದ್ದರು. ರಾತ್ರಿ ಕಣದಲ್ಲಿ ಒಣಗುವ ಕಾಫಿ ಕಾಯಲು ಲೋಹಿತ್. ಬೆಳಿಗ್ಗೆ ಬ್ಲಾಕು ಸುತ್ತಲು ಇನ್ನೊಬ್ಬ. ಆ ಇನ್ನೊಬ್ಬ ಹೋದ ಸೀಜನ್ನಿಗೆ ಕೆಲಸ ಬಿಟ್ಟು ಕೇರಳಕ್ಕೆ ಹೋದ. ಅವನ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಎರಡೂ ಲೋಹಿತನ ತಲೆಗೆ ಬಂತು. ನಿದ್ದೆ ಯಾವಾಗ ಮಾಡಲಿ ಅಂತ ಅವನು ಕೇಳಿದ್ದಕ್ಕೆ ರೈಟರ್ ಶಶಿಧರ ನಕ್ಕನಂತೆ. ಅದಕ್ಕೆ ದಾರಿ ಇದೆ ಅಂದನಂತೆ.

ಸಾಯಂಕಾಲ ತೂಕ ಮುಗಿದ ಮೇಲೆ ಶಶಿಧರ ನನ್ನ ಮಗನ ಕೈಗೆ ಒಂದು ಪ್ಲಾಸ್ಟಿಕ್ ಕವರು ಕೊಡುತ್ತಿದ್ದ. ಒಳಗೆ ಪಟಾಕಿ, ಬೆಂಕಿಪೊಟ್ಟಣ. ಜೊತೆಗೆ ಭಸ್ಮದ ಪೊಟ್ಟಣದ ಹಾಗೆ ಮಡಿಸಿದ ಒಂದು ಕಾಗದ. ನಾನು ನನ್ನ ಕಣ್ಣಿಂದ ನೋಡಿದ್ದೇನೆ. ಅದೇನು ಸಾರ್ ಅಂತ ಕೇಳಿದೆ. "ಗ್ಲುಕೋಸ್ ತರ ಕಣಮ್ಮ. ನಿದ್ದೆ ಎಳೆಯಲ್ಲ," ಅಂದ. ಬಿಸಿಲಿಗೆ ಸಾಲಿನಲ್ಲಿ ತಲೆ ತಿರುಗಿ ಬಿದ್ದವರಿಗೆ ಅವನೇ ಗ್ಲುಕೋಸ್ ಪ್ಯಾಕೆಟ್ ಕೊಡುತ್ತಿದ್ದ. ನಂಬಿದೆ.

ಮೊದಲು ಒಳ್ಳೆಯದೇ ಆಯಿತು. ಅದನ್ನೂ ಹೇಳಬೇಕು. ಲೋಹಿತ್ ಕಾವಲು ಮುಗಿಸಿ ಬಂದವನು ಮಲಗುತ್ತಿರಲಿಲ್ಲ. ಸೌದೆ ಸೀಳಿದ. ಹಿತ್ತಲಿನ ಕಳೆ ಕಿತ್ತ. ಪಾತ್ರೆಗಳನ್ನೆಲ್ಲ ಬೂದಿ ಹಾಕಿ ಉಜ್ಜಿ ಬೆಳ್ಳಿ ಮಾಡಿದ. ಗೋಡೆಗೆ ಸುಣ್ಣ ಹೊಡೆದ, ಒಣಗಿತು, ಅದರ ಮೇಲೇ ಮತ್ತೆ ಹೊಡೆದ. ಲೈನಿನ ಹೆಂಗಸರು ನನ್ನನ್ನು ರೇಗಿಸಿದರು. ರಾಮಕ್ಕ ಸೊಸೆ ತಂದ ಹಾಗಾಯಿತು, ಇಂಥ ಮಗ ನಮಗೂ ಇರಬಾರದಾ ಅಂದರು. ನಾನೂ ನಕ್ಕೆ.

ಆಮೇಲೆ ಉಣ್ಣುವುದು ಬಿಟ್ಟ. ತಟ್ಟೆಯಲ್ಲಿ ಅನ್ನ ಕಲೆಸಿ ಕಲೆಸಿ ಎದ್ದು ಹೋಗುತ್ತಿದ್ದ. ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಹಗ್ಗ ಕಟ್ಟಿಕೊಂಡ. ಕೆನ್ನೆ ಒಳಗೆ ಹೋಯಿತು. ನನಗೆ ಹೊಳೆದದ್ದು ಕಾಮಾಲೆ. ಕೂಲಿ ಜನಕ್ಕೆ ಮಗ ಇಳಿದುಹೋದರೆ ಹೊಳೆಯುವುದು ಅದೇ. ನೆಲನೆಲ್ಲಿ ಕಿತ್ತು ತಂದು ಅರೆದು ಹಾಲಿನಲ್ಲಿ ಕೊಟ್ಟೆ. ಎಣ್ಣೆ ಬಿಡಿಸಿದೆ, ಉಪ್ಪು ಬಿಡಿಸಿದೆ. ಬೆಳಿಗ್ಗೆ ಬರಿ ಹೊಟ್ಟೆಗೆ ಕುಡಿ ಮಗ ಅಂತ ಲೋಟ ಹಿಡಿದು ನಿಲ್ಲುತ್ತಿದ್ದೆ. ನನ್ನ ಮುಖ ನೋಡಿ ಕುಡಿಯುತ್ತಿದ್ದ. ಆಚೆ ಹೋಗಿ ಕಕ್ಕುತ್ತಿದ್ದ.

ಕೆಂಚಿ ಅದನ್ನು ನೋಡಿದಳು. ಕೆಂಚಿ ಎರವರವಳು, ಇಲ್ಲಿಯ ಕಾಡಿನ ಮೂಲದ ಜನ, ನಮ್ಮ ಲೈನಿನ ಕೊನೆಯ ಮನೆ. ಕೊಯ್ಲಿನಲ್ಲಿ ನನ್ನ ಪಕ್ಕದ ಸಾಲು ಅವಳದು. ನನ್ನ ಚೀಲ ತುಂಬದಿದ್ದರೆ ತನ್ನದರಿಂದ ಎರಡು ಬೊಗಸೆ ಹಾಕುವಳು. ಏಡಿ ಹಿಡಿದರೆ ನನಗೊಂದು ಪಾಲು. ಲೋಹಿತನಿಗೆ ಅವಳು ಕೆಂಚತ್ತೆ.

"ರಾಮಕ್ಕ, ಸೊಪ್ಪು ಅರೆಯೋದು ಬಿಡು," ಅಂದಳು. "ಕಾಮಾಲೆ ಬಂದೋನು ಮಲಗ್ತಾನೆ. ನಿನ್ನ ಮಗ ಮಲಗಿದ್ದು ಯಾವಾಗ?"

ನಾನು ಯೋಚಿಸಿದೆ. ನನಗೆ ನೆನಪಾಗಲಿಲ್ಲ.

ಬಾಳೆಲೆ ಊರಿನ ಹತ್ತಿರ ಅವಳ ಅಕ್ಕನ ಮಗ ಗದ್ದೆ ಕಾಯಲು ಹೋಗುತ್ತಿದ್ದನಂತೆ. ಅವನಿಗೂ ಹೀಗೇ ಪೊಟ್ಟಣ ಕೊಟ್ಟರಂತೆ. ಈಗ ಅವನು ಮರದ ಜೊತೆ ಜಗಳ ಮಾಡುತ್ತಾನಂತೆ. ಅದು ಗ್ಲುಕೋಸ್ ಅಲ್ಲ ಅಂದಳು. ಅಮಲಿನ ಪುಡಿ, ಹುಡುಗರು ಅದಕ್ಕೆ ಎಂಡಿ ಅನ್ನುತ್ತಾರೆ ಅಂದಳು.

ಅವತ್ತು ಸಾಲಿನಲ್ಲಿ ನಿಂತು ಹಣ್ಣು ಎಳೆಯುತ್ತಾ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೇಳಿದೆ. ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬಳು ಅಳಲು ಶುರು ಮಾಡಿದಳು. ಅವಳ ತಮ್ಮ ಕುಶಾಲನಗರದಲ್ಲಿ ಲಾರಿ ಕ್ಲೀನರು, ಹಲ್ಲು ಉದುರುತ್ತಿವೆಯಂತೆ. ಇನ್ನೊಬ್ಬಳ ಅಳಿಯ ಹೋಮ್‌ಸ್ಟೇಯಲ್ಲಿ ರೂಮು ಗುಡಿಸುವವನು, ಬಂದವರು ಬಿಟ್ಟುಹೋದದ್ದನ್ನು ನೆಕ್ಕಿ ಕಲಿತನಂತೆ. ನಮ್ಮ ತೋಟಕ್ಕೆ ತರುವವನು ಪಿಕಪ್ ಓಡಿಸುವ ಕೂಸಪ್ಪ ಅಂತ ಎಲ್ಲರಿಗೂ ಗೊತ್ತಿತ್ತು. ಹೊರಗಿನಿಂದ ಕೂಲಿಯವರನ್ನು ತುಂಬಿಕೊಂಡು ಬರುವ ಪಿಕಪ್ಪಿನಲ್ಲೇ ಅದೂ ಬರುತ್ತಿತ್ತು. ಒಂದು ಕ್ವಾರ್ಟರ್ ಬ್ರಾಂದಿಗಿಂತ ಅಗ್ಗ. ಬ್ರಾಂದಿ ಕುಡಿದವನು ನಾರುತ್ತಾನೆ, ಬೀಳುತ್ತಾನೆ, ಕೆಲಸ ತಪ್ಪಿಸುತ್ತಾನೆ. ಇದನ್ನು ತಗೊಂಡವನು ನಾರುವುದಿಲ್ಲ. ಬೀಳುವುದಿಲ್ಲ. ಕೆಲಸ ಮಾಡುತ್ತಲೇ ಇರುತ್ತಾನೆ. ತೋಟಕ್ಕೆ ಇನ್ನೇನು ಬೇಕು?

ನಾನು ಶಶಿಧರನ ಹತ್ತಿರ ಹೋದೆ. ನನ್ನ ಮಗನಿಗೆ ರಾತ್ರಿ ಕಾವಲು ಬಿಡಿಸಿ, ಅದನ್ನು ಕೊಡಬೇಡಿ ಅಂದೆ. ಅವನು ತಕ್ಕಡಿಯಿಂದ ಕಣ್ಣು ಎತ್ತಲಿಲ್ಲ. ಏನು ಕೊಡ್ತಿದೀನಿ, ಪಟಾಕಿ ತಾನೇ ಅಂದ. ಸುತ್ತ ನಿಂತವರು ನಕ್ಕರು. ನಗದಿದ್ದರೆ ಅವರ ಮೂಟೆ ಕೊನೆಗೆ ತೂಕವಾಗುತ್ತಿತ್ತು.

ಬಂಗಲೆಗೆ ಹೋದೆ. ಹಿಂಬಾಗಿಲಲ್ಲಿ ನಿಂತೆ. ಹೊರಗಿನವರಿಗೆ ಅಂತ ಇಟ್ಟ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟರು. ಕುಡಿದು, ತೊಳೆದು, ನಲ್ಲಿಯ ಪಕ್ಕ ಬೋರಲು ಹಾಕಿದೆ. ನಾವು ಕೊಯ್ದ ಕಾಫಿ. ನಾಣಯ್ಯನವರು ಒಳ್ಳೆಯ ಮಾತಿನವರು, ಗದರುವುದಿಲ್ಲ. ಪುಡಿಯ ಸುದ್ದಿ ತಮಗೆ ಗೊತ್ತೇ ಇಲ್ಲ, ವಿಚಾರಿಸುತ್ತೇನೆ ಅಂದರು. ಸೀಜನ್ನು ಮುಗಿಯಲಿ, ಮೆಣಸು ಇಳಿಯಲಿ, ಹುಡುಗನಿಗೆ ಏನಾದರೂ ಮಾಡೋಣ ಅಂದರು. ಇನ್ನೊಬ್ಬ ಕಾವಲಿನವನನ್ನು ಹಾಕಿ ಸಾವ್ಕಾರ್ರೆ ಅಂದೆ. ಈಗ ಆಳು ಎಲ್ಲಿ ಸಿಗುತ್ತಾರೆ ಅಂತ ನನ್ನನ್ನೇ ಕೇಳಿದರು.

ಲೋಹಿತನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಕಣ್ಣಿಗೆ ಟಾರ್ಚು ಹಾಕಿ ನೋಡಿದರು. ಬೈಯಲಿಲ್ಲ. ಇದನ್ನು ಮನೆಯಲ್ಲಿ ಬಿಡಿಸಲು ಆಗದಮ್ಮ, ಸೇರಿಸಬೇಕು, ಜೊತೆಗೆ ಒಬ್ಬರು ಇರಬೇಕು ಅಂದರು. ಇರುತ್ತೇನೆ ಅಂದೆ. ಚೀಟಿ ಮಾಡಿಸಲು ಸಾಲಿನಲ್ಲಿ ನಿಂತೆ. ತಿರುಗಿ ನೋಡಿದರೆ ಬೆಂಚಿನಲ್ಲಿ ಅವನಿಲ್ಲ. ಬಸ್‌ಸ್ಟ್ಯಾಂಡು, ಮಾರ್ಕೆಟ್ಟು, ಸೇತುವೆ ಎಲ್ಲ ಹುಡುಕಿ ಲೈನಿಗೆ ಬಂದರೆ ಕಣದಲ್ಲಿ ನಿಂತಿದ್ದ, ಕೈಯಲ್ಲಿ ಕವರು.

ನಾನು ಕವರು ಕಿತ್ತುಕೊಂಡೆ. ಅವನು ನನ್ನ ಮೇಲೆ ಕೈ ಮಾಡಲಿಲ್ಲ. ಯಾವತ್ತೂ ಮಾಡಲಿಲ್ಲ. ಕಾಲು ಹಿಡಿದುಕೊಂಡ. "ಕೊಡವ್ವ. ನಾನು ಕಣ್ಣು ಮುಚ್ಚಿದ್ರೆ ಆನೆಗಳು ಲೈನಿಗೇ ಬರ್ತವೆ. ನಿನ್ನ ಹತ್ರಾನೇ ಬರ್ತವೆ," ಅಂದ. ತಲೆ ಸವರಿದೆ. ಕೂದಲು ಕೈಗೆ ಬಂತು. ಪೊಟ್ಟಣ ಮಾತ್ರ ತೆಗೆದು ಮನೆಗೆ ತಂದು ಒಲೆಗೆ ಹಾಕಿದೆ. ಮರುದಿನ ಶಶಿಧರ ಇನ್ನೊಂದು ಕೊಟ್ಟ.

ಅನ್ನ ಬಸಿದು ಬಂದೆ. ಉಳಿದದ್ದು ಬರೆಯುತ್ತೇನೆ.

ಅವತ್ತು ಕೆರೆ ಬ್ಲಾಕಿನ ಸರದಿ. ಕೆರೆಯ ಬದಿಯ ಗಿಡಗಳಲ್ಲಿ ಹಣ್ಣು ಜಾಸ್ತಿ, ಮೊದಲು ಹೋದವರಿಗೆ ಮೊದಲ ಸಾಲು. ಹಾಗಾಗಿ ಕೆಂಚಿ ಯಾವಾಗಲೂ ಗೇಟಿನ ಮುಂದೆ. ಮಂಜು ಇನ್ನೂ ಕರಗಿರಲಿಲ್ಲ. ನಾವೆಲ್ಲ ಚೀಲ ಕಟ್ಟಿಕೊಂಡು ನಿಂತಿದ್ದೆವು. ಒಳಗಿನಿಂದ ಸದ್ದಿಲ್ಲ. ಇವತ್ತು ನಿನ್ನ ಮಗ ಆನೆ ಹತ್ತಿಕೊಂಡೇ ಬರ್ತಾನೇನೋ ಅಂತ ಕೆಂಚಿ ನನ್ನನ್ನು ಚುಚ್ಚಿದಳು. ಹೊಸ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

ಆಗ ಪಟಾಕಿ ಕೇಳಿತು. ಒಂದೇ ಒಂದು. ಆಮೇಲೆ ಸದ್ದಿಲ್ಲ.

"ಬಿಡ್ತು," ಅಂದಳು ಕೆಂಚಿ. ಗೇಟು ತಳ್ಳಿಕೊಂಡು ಹೋದಳು. ನಾನು ಅವಳ ಹಿಂದೆ. ಚೀಲದ ದಾರ ಸಡಿಲವಾಯಿತು, ಕಟ್ಟಿಕೊಳ್ಳಲು ನಿಂತೆ. ಅವಳು ತಿರುವಿನ ಆಚೆ ಹೋದಳು. ಗಿಡ ಮುರಿಯುವ ಸದ್ದು. ಕೆಂಚಿ ಕೂಗಲಿಲ್ಲ. ಕೂಗಿದ್ದು ಆನೆ.

ಮರಿ ಇತ್ತು ಜೊತೆಗೆ. ಮರಿ ಇರುವ ಹೆಣ್ಣಾನೆ ದಾರಿ ಬಿಡುವುದಿಲ್ಲ. ನಾವು ಚೆಲ್ಲಾಪಿಲ್ಲಿ ಓಡಿದೆವು. ತಿರುಗಿ ಹೋಗಿ ನೋಡಿದಾಗ ಕೆಂಚಿಯ ಮುಖಕ್ಕೆ ಏನೂ ಆಗಿರಲಿಲ್ಲ. ಬಾಯಲ್ಲಿ ಎಲೆ ಅಡಿಕೆ ಹಾಗೇ ಇತ್ತು. ಎದೆ ಇರಲಿಲ್ಲ. ನಾನು ನನ್ನ ಚೀಲ ಬಿಚ್ಚಿ ಅವಳ ಮೇಲೆ ಹೊದಿಸಿದೆ. ಅದು ಸಾಲಲಿಲ್ಲ.

ಲೋಹಿತ್ ಕೆರೆಯ ಏರಿಯ ಮೇಲಿದ್ದ. ಸಿಲ್ವರ್ ಮರಕ್ಕೆ ಬೆನ್ನು ಕೊಟ್ಟು ಕೂತು ಎದುರಿನ ಮರಗಳನ್ನು ನೋಡುತ್ತಿದ್ದ. ಕವರಿನಲ್ಲಿ ಪಟಾಕಿಗಳು ಹಾಗೇ ಇದ್ದವು. ಒಂದನ್ನು ಮಾತ್ರ ಎಸೆದಿದ್ದ.

"ಅವ್ವ, ಮಾತಾಡಬೇಡ," ಅಂದ. "ಒಂದೊಂದು ಮರದ ಹಿಂದೇನೂ ಒಂದು ನಿಂತಿದೆ. ಪಟಾಕಿ ಹಾಕಿದೆ. ಒಂದೂ ಅಲ್ಲಾಡಲಿಲ್ಲ."

ಅಲ್ಲಿ ಮರಗಳಿದ್ದವು. ಇನ್ನೇನೂ ಇರಲಿಲ್ಲ. ಕಾಣದ ಆನೆಗೆ ಅವನು ಹೆದರಿ ಎಸೆದ ಒಂದು ಪಟಾಕಿ, ಇದ್ದ ಆನೆಯ ಹತ್ತಿರ ಕೆಂಚಿಯನ್ನು ಕಳಿಸಿತು.

ಅರಣ್ಯದವರು ಬಂದರು, ಪೊಲೀಸರು ಬಂದರು. ಲೋಹಿತನ ಜೇಬಿನಿಂದ ಒಂದು ಪೊಟ್ಟಣ ತೆಗೆದುಕೊಂಡು, ನಾಳೆ ವಿಚಾರಿಸುತ್ತೇವೆ, ಎಲ್ಲೂ ಹೋಗಬೇಡ ಅಂದರು. ಹೆಣ ಪೋಸ್ಟ್‌ಮಾರ್ಟಮ್ಮಿಗೆ ಹೋಯಿತು. ಎರವರು ಕಣದಲ್ಲಿ ಕೂತರು. ನಾವೂ ಕೂತೆವು. ಯಾರೂ ಕೊಯ್ಲಿಗೆ ಇಳಿಯಲಿಲ್ಲ. ಒಬ್ಬ ಹುಡುಗನ ಮೇಲೆ ಎರಡು ಕಾವಲು ಹಾಕಿದ್ದು ಯಾಕೆ ಅಂತ ಯಾರೋ ಹಿಂದಿನಿಂದ ಕೇಳಿದರು. ಆ ಪ್ರಶ್ನೆ ಬಂಗಲೆಗೆ ಮುಟ್ಟಿತು.

ಮಧ್ಯಾಹ್ನ ಶಶಿಧರ ನನ್ನ ಮನೆಗೆ ಬಂದ. ಇಷ್ಟು ವರ್ಷದಲ್ಲಿ ಮೊದಲ ಸಲ ಹೊಸ್ತಿಲು ದಾಟಿ ಒಳಗೆ ಕೂತ. ಲೋಹಿತ್ ಮೂಲೆಯಲ್ಲಿ ಮಂಡಿ ತಬ್ಬಿಕೊಂಡು ಹಲ್ಲು ಕಡಿಯುತ್ತಿದ್ದ. ಶಶಿಧರ ಅವನ ಕಡೆ ನೋಡಲಿಲ್ಲ. ಸಮಾಧಾನವಾಗಿಯೇ ಹೇಳಿದ. ನಾಳೆ ಎಸ್‌ಐ ಸಾಹೇಬರು ಕಣಕ್ಕೆ ಬರುತ್ತಾರೆ, ಎಲ್ಲರ ಎದುರು ಕೇಳುತ್ತಾರೆ. ಮಗ ಹೊರಗಿನ ಹುಡುಗರ ಸಹವಾಸದಿಂದ ಕೆಟ್ಟ, ಪುಡಿ ತಾನೇ ತರುತ್ತಿದ್ದ, ಎಸ್ಟೇಟಿಗೆ ತಿಳಿಯದ ಹಾಗೆ ಮುಚ್ಚಿಟ್ಟೆವು ಅಂತ ನೀನು ಹೇಳಬೇಕು. ಅಷ್ಟು ಹೇಳಿದರೆ ಸಾವ್ಕಾರರು ಅವನನ್ನು ಮೈಸೂರಿನಲ್ಲಿ ಚಟ ಬಿಡಿಸುವ ಕಡೆ ಸೇರಿಸುತ್ತಾರೆ. ಪೂರ್ತಿ ವಾಸಿಯಾಗುವ ತನಕ. ಇಲ್ಲದಿದ್ದರೆ ಅವನ ಜೇಬಿನಲ್ಲಿ ಸಿಕ್ಕಿದ ಪೊಟ್ಟಣ ಇದೆ. ಮಾರುವವನು ಅಂತ ಕೇಸಾಗುತ್ತದೆ.

"ತಾಯಿ ನೀನು. ಮಗ ಬದುಕಬೇಕೋ ಬೇಡವೋ, ನೀನೇ ನೋಡು," ಅಂದು ಎದ್ದ.

ನಾನು ಇಡೀ ಸಂಜೆ ಲೋಹಿತನ ಪಕ್ಕ ಕೂತೆ. ಸುಳ್ಳು ಹೇಳಬಾರದು ಅಂತ ಹಟ ಇರುವವಳಲ್ಲ ನಾನು. ಮಗನಿಗಾಗಿ ಎಂಥ ಸುಳ್ಳನ್ನೂ ಹೇಳುತ್ತಿದ್ದೆ. ಹೇಳಲು ಬಾಯಲ್ಲಿ ಕಟ್ಟಿಕೊಂಡೂ ಇದ್ದೆ. ಮೈಸೂರು. ಹಾಸಿಗೆ. ಡಾಕ್ಟರು. ಮತ್ತೆ ಅನ್ನ ಉಣ್ಣುವ ಮಗ. ಒಂದು ಮಾತಿಗೆ ಇಷ್ಟೆಲ್ಲ ಸಿಗುತ್ತದೆ.

ಬೆಳಿಗ್ಗೆ ಕಣದಲ್ಲಿ ಎಸ್‌ಐ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದ ಕುರ್ಚಿಯಲ್ಲಿ ನಾಣಯ್ಯನವರು. ಶಶಿಧರ ಹಿಂದೆ ನಿಂತಿದ್ದ. ಲೋಹಿತನನ್ನು ಇಬ್ಬರು ಪೇದೆಗಳು ಹಿಡಿದಿದ್ದರು, ಹಿಡಿಯದಿದ್ದರೂ ಅವನು ಓಡುವ ಹಾಗಿರಲಿಲ್ಲ. ಕೆಂಚಿಯ ಗಂಡ ಮುತ್ತ ಒಣಗಲು ಹಾಕಿದ ಕಾಫಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಬೆರಳಿನಿಂದ ಕಾಫಿ ಬೀಜ ಸರಿಸುತ್ತಿದ್ದ. ಹರಡಿದ್ದನ್ನು ಸಾಲು ಮಾಡುತ್ತಿದ್ದ. ಹೆಂಡತಿ ಸತ್ತ ಮರುದಿನವೂ ಆ ಕೈಗೆ ಕೆಲಸ ಬೇಕಿತ್ತು.

ಎಸ್‌ಐ ಶಶಿಧರನನ್ನು ಕೇಳಿದರು. ಅವನು ಕಲಿತದ್ದನ್ನು ಹೇಳಿದ. ನಮ್ಮ ಕೆಲಸಗಾರರನ್ನು ಮಕ್ಕಳ ಹಾಗೆ ನೋಡಿಕೊಂಡಿದ್ದೇವೆ, ಈ ಹುಡುಗ ಮೋಸ ಮಾಡಿದ ಅಂದ. ನಂಬಿಕೆ ದ್ರೋಹ ಅನ್ನುವ ಮಾತೂ ಬಂತು. ಆಮೇಲೆ ಮುತ್ತನನ್ನು ಕೇಳಿದರು, ಅವಳು ಒಳಗೆ ಹೋದದ್ದು ಯಾಕೆ, ಆನೆ ಇದೆ ಅಂತ ಗೊತ್ತಿರಲಿಲ್ಲವಾ.

ಮುತ್ತ ತಲೆ ಎತ್ತಲಿಲ್ಲ. "ಪಟಾಕಿ ಕೇಳಿತು, ಹೋದಳು," ಅಂದ. "ಈ ಹುಡುಗ ಹಾಕಿದ್ದು ಅಂತ ನಂಬಿ ಹೋದಳು."

ಆಮೇಲೆ ನನ್ನ ಹೆಸರು ಕರೆದರು. ಎದ್ದು ನಿಂತೆ. ನಾಣಯ್ಯನವರು ನನ್ನನ್ನು ನೋಡಿ ಮೆಲ್ಲಗೆ ತಲೆ ಆಡಿಸಿದರು, ಹೆದರಬೇಡ ಅನ್ನುವ ಹಾಗೆ. ಬಾಯಲ್ಲಿ ಕಟ್ಟಿಕೊಂಡ ಮಾತು ಇತ್ತು. ಮುತ್ತನ ಬೆರಳು ಕಾಫಿ ಸರಿಸುತ್ತಲೇ ಇತ್ತು. ಆ ಮಾತು ಹೇಳಿದರೆ ಕೆಂಚಿ ಸತ್ತದ್ದು ಬರೀ ನನ್ನ ಮಗನಿಂದ ಅಂತಾಗುತ್ತದೆ. ಮುಂದಿನ ಸೀಜನ್ನಿಗೆ ಇನ್ನೊಬ್ಬಳ ಮಗ ಆ ಕವರು ಹಿಡಿಯುತ್ತಾನೆ. ಇನ್ನೊಬ್ಬಳು ಕೆಂಚಿ ಗೇಟಿನಲ್ಲಿ ನಿಂತಿರುತ್ತಾಳೆ.

"ಪಟಾಕಿ ಹಾಕಿದ್ದು ನನ್ನ ಮಗ," ಅಂದೆ. "ಆನೆ ಇರುವಾಗ ಹಾಕಿದ. ಅವನಿಗೆ ಅದು ಗೊತ್ತಾಗಲಿಲ್ಲ. ಪುಡಿ ತಗೊಂಡಿದ್ದ."

ಶಶಿಧರ ಉಸಿರು ಬಿಟ್ಟ.

"ಪುಡಿ ಕೊಟ್ಟಿದ್ದು ಈ ರೈಟ್ರು. ಕೂಸಪ್ಪ ತರೋದು, ಇವರು ಕೊಡೋದು. ಪಟಾಕಿ ಕೊಡೋ ಕವರಿನಲ್ಲೇ ಹಾಕಿ ಕೊಡ್ತಿದ್ರು. ಹಗಲೂ ರಾತ್ರಿ ಒಬ್ಬನೇ ಕಾಯ್ಲಿ ಅಂತ."

ನಾಣಯ್ಯನವರ ದನಿ ಆಗಲೂ ಏರಲಿಲ್ಲ. "ರಾಮಮ್ಮ, ಯೋಚಿಸಿ ಮಾತಾಡು. ನಿನ್ನ ಮಗನಿಗೆ ಒಳ್ಳೇದಾಗ್ಲಿ ಅಂತ ನಾವು ನೋಡ್ತಿರೋದು."

"ಯೋಚಿಸಿದೀನಿ ಸಾವ್ಕಾರ್ರೆ. ನನ್ನ ಮಗ ಕೆಟ್ಟ. ಕೆಡಿಸಿದ್ದು ನೀವು. ಎರಡನ್ನೂ ಹೇಳ್ತೀನಿ. ಒಂದೇ ಹೇಳು ಅಂದ್ರೆ ನನ್ನ ಬಾಯಿಂದ ಬರಲ್ಲ."

ಬೇರೆ ಯಾರಾದರೂ ನೋಡಿದ್ದೀರಾ ಅಂತ ಎಸ್‌ಐ ಕೇಳಿದರು. ಕಣದಲ್ಲಿ ಅಷ್ಟು ಜನ. ತಮ್ಮನ ಹಲ್ಲು ಉದುರಿದವಳು ಇದ್ದಳು. ಅಳಿಯನನ್ನು ಕಳೆದುಕೊಳ್ಳುತ್ತಿರುವವಳು ಇದ್ದಳು. ಎಲ್ಲರೂ ನೆಲ ನೋಡಿದರು. ನಾನು ಅವರ ಮೇಲೆ ಸಿಟ್ಟು ಮಾಡಿಕೊಳ್ಳಲಾರೆ. ಅವರ ಅನ್ನ ಅಲ್ಲಿದೆ. ಮುತ್ತ ಮಾತ್ರ ಎದ್ದು ನಿಂತ. ಏನೋ ಹೇಳುತ್ತಾನೆ ಅಂದುಕೊಂಡೆ. ಅವನು ಲೋಹಿತನ ಮುಂದೆ ಹೋಗಿ ಅವನ ಮುಖವನ್ನು ತುಂಬ ಹೊತ್ತು ನೋಡಿದ. ಕೈ ಎತ್ತಲಿಲ್ಲ, ಬೈಯಲಿಲ್ಲ. ನಡೆದು ಹೊರಟುಹೋದ. ಅವನು ಹೊಡೆದಿದ್ದರೆ ಅಡ್ಡ ಹೋಗುತ್ತಿರಲಿಲ್ಲ ನಾನು.

ಲೋಹಿತನನ್ನು ಜೀಪಿಗೆ ಹತ್ತಿಸಿದರು. ಶಶಿಧರನನ್ನೂ ವಿಚಾರಣೆಗೆ ಕರೆದರು. ಸಂಜೆಯ ತೂಕದ ಹೊತ್ತಿಗೆ ಅವನು ವಾಪಸು ಬಂದು ತಕ್ಕಡಿಯ ಮುಂದೆ ನಿಂತಿದ್ದ. ಕೂಸಪ್ಪನ ಪಿಕಪ್ಪು ಎಂದಿನಂತೆ ಕೂಲಿಯವರನ್ನು ಇಳಿಸಿ ಹತ್ತಿಸಿಕೊಂಡು ಹೋಯಿತು. ಮಾತಿಗೆ ಸಾಕ್ಷಿ ಬೇಕಂತೆ. ಪೊಟ್ಟಣ ಸಿಕ್ಕಿದ್ದು ನನ್ನ ಮಗನ ಜೇಬಿನಲ್ಲಿ.

ವಾರ ಕಳೆದ ಮೇಲೆ ಲೈನಿನ ಮನೆ ಖಾಲಿ ಮಾಡಲು ಹೇಳಿ ಕಳಿಸಿದರು. ಹೊಸ ಕಾವಲಿನವನಿಗೆ ಮನೆ ಬೇಕಂತೆ. ಅವನ ಹೆಸರು ತೇಜಸ್. ಅವನ ತಾಯಿಯ ಹತ್ತಿರ ಹೋಗಿ ಕೈ ಮುಗಿದು ಎಲ್ಲ ಹೇಳಿದೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಿನ್ನ ಮಗ ಕೆಟ್ಟ ಅಂತ ನನ್ನ ಮಗನ ಕೂಲಿ ಕೆಡಿಸಬೇಡ ಅಂತ ಒಳಗಿನಿಂದ ಹೇಳಿದಳು. ಪಾತ್ರೆ, ಕಂಬಳಿ, ಗಂಡನ ಫೋಟೋ ಮೂಟೆ ಕಟ್ಟಿಕೊಂಡು ಶಿರಂಗಾಲದಲ್ಲಿ ಮೈದುನನ ಮನೆಯ ಕೊಟ್ಟಿಗೆಗೆ ಬಂದೆ. ಹಸು ಇಲ್ಲದ ಕೊಟ್ಟಿಗೆ. ಅವರ ಮನೆಯ ಕೆಲಸ ಮಾಡುತ್ತೇನೆ, ಅಡುಗೆ ಮಾಡುತ್ತೇನೆ, ಶುಂಠಿ ಹೊಲಕ್ಕೆ ಹೋಗುತ್ತೇನೆ. ವಾರಗಿತ್ತಿ ಒಳ್ಳೆಯವಳು. ಎಷ್ಟು ದಿನ ಅಂತ ಕೇಳಿಲ್ಲ. ಮೈದುನ ಕೇಳಿದ್ದಾನೆ.

ಸರ್ಕಾರ ನಮಗೆ ಒಬ್ಬ ಲಾಯರಮ್ಮನನ್ನು ಕೊಟ್ಟಿತು. ಮಡಿಕೇರಿಯವರು, ತ್ರಿಪುರಸುಂದರಿ ಅಂತ ಹೆಸರು. ಫೋನಿನಲ್ಲೂ ಅಮ್ಮ ಅಂತಲೇ ಮಾತಾಡುತ್ತಾರೆ. ಜಾಮೀನು ಸಿಗಬಹುದು, ಜಾಮೀನಿಗೆ ನಿಲ್ಲಲು ಆಸ್ತಿ ಇರುವವರು ಒಬ್ಬರು ಬೇಕು ಅಂದರು. ನಮ್ಮಲ್ಲಿ ಯಾರಿಗಿದೆ ಆಸ್ತಿ? ಅದು ಶಶಿಧರನ ಕಿವಿಗೆ ಹೇಗೆ ಬಿತ್ತೋ, ಶಿರಂಗಾಲಕ್ಕೇ ಬಂದ. ಸಾವ್ಕಾರರು ಜಾಮೀನು ನಿಲ್ಲುತ್ತಾರೆ. ಹುಡುಗ ಹೊರಗೆ ಬರಲಿ, ಮೆಣಸು ಕೊಯ್ಲಿಗೆ ಆಳು ಬೇಕು, ಕೆಲಸವೂ ಇದೆ, ಮನೆಯೂ ಇದೆ. ನೀನು ಕಣದಲ್ಲಿ ಹೇಳಿದ್ದು ದುಃಖದಲ್ಲಿ ಬಾಯಿ ತಪ್ಪಿ ಬಂದ ಮಾತು ಅಂತ ಒಂದು ಸಲ ಹೇಳಿದರೆ ಸಾಕು ಅಂದ.

ಅವನ ಸ್ಕೂಟರು ಹೋದ ಮೇಲೆ ಲಾಯರಮ್ಮನಿಗೆ ಫೋನು ಮಾಡಿದೆ. ಈಗ ಜಾಮೀನು ಬೇಡ ಅಂದೆ. ಮಗನನ್ನು ಜೈಲಿನಲ್ಲೇ ಇಡಿ ಅನ್ನುವ ತಾಯಿಯನ್ನು ಇದೇ ಮೊದಲು ನೋಡುತ್ತಿದ್ದೇನೆ ಅಂದರು. ಅವನನ್ನು ಸೇರಿಸಿಕೊಳ್ಳುವ ಆಸ್ಪತ್ರೆ ಕೊಡಿಸಿ, ಈ ಕ್ಷಣ ಜಾಮೀನು ಕೇಳುತ್ತೇನೆ ಅಂದೆ. ಪ್ರಯತ್ನ ಮಾಡುತ್ತೇನೆ ಅಂದರು. ಅವರ ದನಿಯಲ್ಲಿ ಆಗುತ್ತದೆ ಅನ್ನುವುದು ಇರಲಿಲ್ಲ.

ನಿನ್ನೆ ಅವನನ್ನು ನೋಡಲು ಹೋಗಿದ್ದೆ. ಲೈನಿನ ಮನೆ ಹೋದದ್ದು ಅವನಿಗೆ ಗೊತ್ತಿಲ್ಲ. ಜಾಲರಿಯ ಆಚೆ ಬಂದು ನಿಂತ. ಕೆನ್ನೆ ಸ್ವಲ್ಪ ತುಂಬಿದೆ. ಡಾಕ್ಟರು ಬಂದು ಮಾತ್ರೆ ಕೊಡುತ್ತಾರಂತೆ. ಮೊದಲು ಗೋಡೆಗೆ ತಲೆ ಹೊಡೆದುಕೊಂಡನಂತೆ, ಹಣೆಯಲ್ಲಿ ಗಾಯ ಹಕ್ಕಳೆ ಕಟ್ಟಿದೆ.

"ಇಲ್ಲಿ ನಿದ್ದೆ ಬರುತ್ತೆ ಕಣವ್ವ," ಅಂದ. ನಗಲು ನೋಡಿದ. ಆಮೇಲೆ ಕೆಂಚತ್ತೆಯ ಹೆಸರು ಹೇಳಿ ಅತ್ತ. ನಿದ್ದೆ ಬಂದ ಮೇಲೆ ಅವನಿಗೆ ಎಲ್ಲ ನೆನಪಾಗಿದೆ. ನಾನು ಜಾಲರಿಯ ಸಂದಿಯಲ್ಲಿ ಬೆರಳು ತೂರಿಸಿದೆ. ತುದಿ ಮಾತ್ರ ಮುಟ್ಟಿತು.

ಯಾವಾಗ ಕರ್ಕೊಂಡು ಹೋಗ್ತೀಯ ಅಂತ ಕೇಳಿದ.

ಸುಳ್ಳು ಹೇಳಬಹುದಿತ್ತು. ಕೋರ್ಟು ಕೊಡಲಿಲ್ಲ ಅನ್ನಬಹುದಿತ್ತು.

"ಜಾಮೀನು ಬೇಡ ಅಂದಿದ್ದು ನಾನೇ ಕಣೋ ಮಗ," ಅಂದೆ. "ಹೊರಗೆ ನಿನ್ನ ಎಲ್ಲಿ ಇಟ್ಕೊಳ್ಳಲಿ? ಎಲ್ಲಾ ಕಡೆ ಅದೇ ಇದೆ."

ಅವನು ನನ್ನನ್ನೇ ನೋಡಿದ. ಬೈದಿದ್ದರೆ ಎದೆ ಹಗುರಾಗುತ್ತಿತ್ತು. ಸಣ್ಣವನಿದ್ದಾಗ ಸ್ಕೂಲಿನ ಬಾಗಿಲಲ್ಲಿ ಬಿಟ್ಟು ಬರುವಾಗ ನೋಡುತ್ತಿದ್ದನಲ್ಲ, ಹಾಗೆ ನೋಡಿದ. ಆಮೇಲೆ ಸರಿ ಅಂದ. ಪೇದೆ ಹೊತ್ತಾಯಿತು ಅಂದ. ಲೋಹಿತ್ ಎರಡು ಹೆಜ್ಜೆ ಹೋಗಿ ತಿರುಗಿ ನಿಂತ.

"ಮನೇಲಿ ಒಬ್ಬಳೇ ಹೆದರಿಕೆ ಆಗಲ್ವೇನವ್ವ?"

"ಇಲ್ಲ ಮಗ," ಅಂದೆ. "ಮನೇಲಿ ಏನು ಹೆದರಿಕೆ."